ಕುರಿಯ ಗುಂಡಿಗೆ ಕಲಿಸುವ ಪಾಠ

ಶಾಲೆಗೆ ಹೋಗುವ ಮಕ್ಕಳನ್ನು ‘ಹೃದಯದಲ್ಲಿ ಎಷ್ಟು ಕೋಣೆಗಳಿವೆ?’ ಎಂದು ಕೇಳಿದರೆ ‘ನಾಲ್ಕು’ ಎಂದು ತಟ್ಟನೆ ಹೇಳುತ್ತಾರೆ. ಆದರೆ ಚಿತ್ರ ನೋಡಿ ಕಲಿತದ್ದು ಪರೀಕ್ಷೆ ಮುಗಿದೊಡನೆ ಮರೆತುಹೋಗುತ್ತದೆ. ಕುರಿಯ ಹೃದಯದ ರಚನೆ ಬಹುಮಟ್ಟಿಗೆ ನಮ್ಮ ಹೃದಯದಂತೆಯೇ ಇದೆ. ಅದನ್ನು ಒಮ್ಮೆ ಬಿಡಿಸಿ ನೋಡಿದವರು ಸುಲಭವಾಗಿ ಮರೆಯುವುದಿಲ್ಲ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಕೂಡ ಪ್ರಾಣಿಗಳ ಹೃದಯವನ್ನು ಪರೀಕ್ಷಿಸಿಯೇ, ರಕ್ತ ದೇಹದಲ್ಲಿ ಸುತ್ತುತ್ತಿರುತ್ತದೆ ಎಂಬುದನ್ನು 1628ರಲ್ಲಿ ಪ್ರಕಟಿಸಿದ.

ಗುಂಡಿಗೆಯನ್ನು ಸೀಳದೆ, ಮೇಲಿನ ರಕ್ತನಾಳಗಳನ್ನು ಮೊಟಕು ಮಾಡದೆ ಕೊಡುವಂತೆ ಮಾಂಸದಂಗಡಿಯವರಿಗೆ ಮೊದಲೇ ಹೇಳಿರಬೇಕು. ಒಂದು ತಟ್ಟೆ, ಚೂಪಾದ ಚಾಕು, ನೀರು ಇದ್ದರೆ ಸಾಕು. ಕೊಯ್ಯುವ ಕೆಲಸ ಹಿರಿಯರದು. ಮನಸ್ಸೊಪ್ಪದ ಮಕ್ಕಳನ್ನು ಬಲವಂತ ಮಾಡಬಾರದು.

ಮೊದಲು ಬೆರಳಿನಿಂದ ಒತ್ತಿ ನೋಡಿ. ಒಂದು ಪಕ್ಕ ಮೆದುವಾಗಿ, ಇನ್ನೊಂದು ಪಕ್ಕ ಗಟ್ಟಿಯಾಗಿರುತ್ತದೆ. ಗಟ್ಟಿಯಾದುದೇ ಎಡಭಾಗ. ಬಲ ಹೃತ್ಕುಕ್ಷಿ ಪಕ್ಕದಲ್ಲೇ ಇರುವ ಶ್ವಾಸಕೋಶಗಳಿಗೆ ರಕ್ತ ತಳ್ಳಿದರೆ ಸಾಕು. ಎಡ ಹೃತ್ಕುಕ್ಷಿ ಇಡೀ ದೇಹಕ್ಕೆ ತಳ್ಳಬೇಕು. ಆದ್ದರಿಂದ ಅದರ ಗೋಡೆ ಸುಮಾರು ಮೂರು ಪಟ್ಟು ದಪ್ಪ.

ಮೇಲ್ಭಾಗದ ನಡುವೆ ಕಾಣುವ ದಪ್ಪ ಗೋಡೆಯ ಕೊಳವೆಯೇ ಮಹಾಪಧಮನಿ. ಅದರೊಳಗೆ ನೀರು ಸುರಿಯಿರಿ. ನೀರು ಹೃದಯದೊಳಕ್ಕೆ ಇಳಿಯದೆ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಜೇಬಿನಂತಹ ಮೂರು ದಳಗಳ ಕವಾಟ ಅದನ್ನು ತಡೆದಿದೆ. ಈ ಕವಾಟದ ತುಸು ಮೇಲೆ, ಕೊಳವೆಯ ಗೋಡೆಯಲ್ಲಿ ಎರಡು ಕಿರುರಂಧ್ರಗಳಿವೆ. ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ಕರೊನರಿ ಧಮನಿಗಳು ಹೊರಡುವುದು ಇಲ್ಲಿಂದ. ಇವುಗಳ ಕವಲೊಂದು ಮುಚ್ಚಿಕೊಂಡರೆ ಆಗುವುದೇ ಹೃದಯಾಘಾತ. ಎದೆ ಬಿಗಿದು ಬೆವರು ಬಂದಾಗ ‘ವಾಯು’ ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು ಎನ್ನುವುದು ಇದಕ್ಕಾಗಿಯೇ.

ಈಗ ಎಡ ಹೃತ್ಕರ್ಣದಿಂದ ಕೆಳತುದಿಯವರೆಗೆ ಸೀಳಿ. ತೆಳ್ಳನೆಯ ಎರಡು ದಳಗಳು, ಅವನ್ನು ಹಿಡಿದೆಳೆದಿರುವ ಬಿಳಿಯ ದಾರಗಳು ಕಾಣುತ್ತವೆ. ಇದೇ ದ್ವಿದಳ ಕವಾಟ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ತೆರೆದು ಮುಚ್ಚಬೇಕು. ರುಮ್ಯಾಟಿಕ್ ಜ್ವರ ಹೆಚ್ಚಾಗಿ ಕೆಡಿಸುವುದು ಇದನ್ನೇ.

ಈ ಜ್ವರ ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳ ಬಳಿಕ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಸರಿಯುವ ಊತ, ನೋವು ಕಾಣಿಸುತ್ತವೆ. ಕೀಲುನೋವು ವಾಸಿಯಾಗುತ್ತದೆ, ಆದರೆ ಜ್ವರ ಮರುಕಳಿಸಿದಷ್ಟೂ ಕವಾಟದ ದಳಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳಬಹುದು. ವರ್ಷಗಳ ನಂತರ ಮೆಟ್ಟಿಲು ಹತ್ತುವಾಗಲೋ ಗರ್ಭಿಣಿಯಾದಾಗಲೋ ಉಸಿರು ಕಟ್ಟಿದಾಗಲೇ ಹಲವರಿಗೆ ಇದು ತಿಳಿಯುವುದು.

ನೋಡಿ ಮುಗಿದ ಮೇಲೆ ಗುಂಡಿಗೆಯನ್ನು ಮಣ್ಣಿನಲ್ಲಿ ಹೂತು, ಕೈ, ಚಾಕು, ತಟ್ಟೆಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ. ನಿಮ್ಮ ಮಗುವಿಗೆ ಈ ಜ್ವರ ಬಂದಿದ್ದು, ವೈದ್ಯರು ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹೇಳಿದ್ದರೆ, ‘ನೋವು ಹೋಯಿತಲ್ಲ’ ಎಂದು ನೀವಾಗಿಯೇ ನಿಲ್ಲಿಸಬೇಡಿ. ಆ ಮದ್ದು ಕೀಲಿಗಲ್ಲ, ಈಗ ನೀವು ಕಂಡ ಆ ಎರಡು ತೆಳ್ಳನೆಯ ದಳಗಳಿಗೆ.