ಹೊರಗೆ ಆಯಿಲ್ ಬದಲಿಸಿದರೆ ವಾರಂಟಿ ಹೋಯಿತೇ?

ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಜರ್ಕ್ ಹೊಡೆಯಲು ಶುರುವಾಗಿ ಶೋರೂಮಿಗೆ ಒಯ್ದರೆ ಹಲವರಿಗೆ ಸಿಗುವ ಉತ್ತರ ಒಂದೇ: ‘ಹೊರಗಡೆ ಆಯಿಲ್ ಚೇಂಜ್ ಮಾಡಿಸಿದ್ದೀರಿ ಸರ್, ವಾರಂಟಿ ಬರಲ್ಲ.’ ಕಾನೂನು ಈ ಮಾತನ್ನು ಹಾಗೆಯೇ ನುಂಗುವುದಿಲ್ಲ; ಗ್ರಾಹಕನ ಬಾಯಿಮಾತನ್ನೂ ನುಂಗುವುದಿಲ್ಲ. ಹೊರಗೆ ನಡೆದ ಕೆಲಸದಿಂದಲೇ ಗೇರ್‌ಬಾಕ್ಸ್ ಹಾಳಾಯಿತೇ ಎಂಬುದಷ್ಟೇ ಅದಕ್ಕೆ ಬೇಕಾದ ಪ್ರಶ್ನೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದೆ ಬಿಗಿಹಿಡಿದಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿದಾಗ ಹೇಳಿದ್ದೂ ಇದನ್ನೇ: ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವಂತಿಲ್ಲ, ಅಲ್ಲಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು.

ಆ ಆದೇಶದ ಮೇಲೆ ಕಂಪನಿಗಳು ಮೇಲ್ಮನವಿಗೆ ಹೋಗಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಅದೊಂದನ್ನೇ ನೆಚ್ಚಿಕೊಂಡು ಕೂರಬಾರದು. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಹೇಗೂ ಇದೆ. ಒಪ್ಪಿಕೊಂಡ ಸೇವೆಯನ್ನು ಸಕಾರಣವಿಲ್ಲದೆ ನಿರಾಕರಿಸಿದರೆ ಅದನ್ನು ಸೇವಾನ್ಯೂನತೆ ಎಂದು ಪ್ರಶ್ನಿಸಬಹುದು. ನ್ಯೂನತೆಯನ್ನು ಮೊದಲು ತೋರಿಸಬೇಕಾದವರು ಮಾತ್ರ ದೂರುದಾರರೇ. ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸಿಕೊಡುತ್ತೇವೆ ಎಂದಷ್ಟೇ ಇದ್ದರೆ ಹೊಸ ಕಾರೇ ಬೇಕೆಂದು ಪಟ್ಟು ಹಿಡಿದರೂ ಫಲವಿಲ್ಲ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಹಾಗಾದರೆ ಹೊರಗಿನ ಕೆಲಸ ಸರಿಯಾಗಿತ್ತೆಂದು ತೋರಿಸುವುದು ಹೇಗೆ? ಏನೇನು ನಡೆಯಿತೆಂಬ ದಾಖಲೆಯಿಂದ. ಗೇರ್‌ಬಾಕ್ಸಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಎಲ್ಲ ಆಯಿಲ್ ಇಳಿಯುವುದಿಲ್ಲ, ಟಾರ್ಕ್ ಕನ್ವರ್ಟರ್ ಇದ್ದರೆ ದೊಡ್ಡ ಪಾಲು ಅದರಲ್ಲೇ ಉಳಿಯುತ್ತದೆ. ಯಂತ್ರ ಹಚ್ಚಿ ಫ್ಲಶ್ ಮಾಡುವುದೇ ಬೇರೆ ಕೆಲಸ. ಆಯಿಲ್ ಪ್ಯಾನ್ ಇಳಿಸಿ ಫಿಲ್ಟರ್, ಗ್ಯಾಸ್ಕೆಟ್ ಬದಲಿಸಿ, ಪ್ಯಾನಿನ ಅಯಸ್ಕಾಂತಕ್ಕೆ ಅಂಟಿದ ಲೋಹದ ಪುಡಿ ಒರೆಸುವುದು ಇನ್ನೊಂದು. ಕೆಲವು ಗೇರ್‌ಬಾಕ್ಸುಗಳಲ್ಲಂತೂ ಪೂರ್ತಿ ಬಿಚ್ಚದೆ ಫಿಲ್ಟರ್ ಕೈಗೇ ಸಿಗದು. ಬಿಲ್ಲಿನಲ್ಲಿ ಬರೀ ‘ಗೇರ್‌ಬಾಕ್ಸ್ ಸರ್ವಿಸ್’ ಎಂದಿದ್ದರೆ ಇವುಗಳಲ್ಲಿ ಯಾವುದು ನಡೆಯಿತೆಂದು ಗ್ರಾಹಕ ಆಯೋಗಕ್ಕೆ ತಿಳಿಯುವ ದಾರಿಯೇ ಇಲ್ಲ. ಆದ್ದರಿಂದ ಆಯಿಲ್‌ನ ಗ್ರೇಡ್, ಎಷ್ಟು ಲೀಟರ್, ಫಿಲ್ಟರಿನ ಪಾರ್ಟ್ ನಂಬರ್, ಆ ದಿನದ ಕಿಲೋಮೀಟರ್, ಇಷ್ಟನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಬೇಕು. ಬಿಲ್ ಕೊಡದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ‘ಇದು ಲೈಫ್‌ಟೈಮ್ ಆಯಿಲ್, ಬದಲಿಸೋದೇ ಬೇಡ’ ಎಂಬ ಭರವಸೆಯನ್ನೂ ಬರಹದಲ್ಲೇ ಕೇಳಿ. ಬೆಂಗಳೂರಿನ ಟ್ರಾಫಿಕ್, ಶಿರಾಡಿ ಘಾಟಿಯಂಥ ಏರುದಾರಿಯ ಕಠಿಣ ಬಳಕೆಗೆ ಹಲವು ಮ್ಯಾನ್ಯುವಲ್‌ಗಳು ಬೇರೆಯೇ ಅವಧಿ ಹೇಳುತ್ತವೆ. ವಿವಾದದಲ್ಲಿ ಶೋರೂಮಿನ ಸಲಹೆಗಾರನ ಮಾತಿಗಿಂತ ಆ ಪುಟಕ್ಕೇ ತೂಕ ಹೆಚ್ಚು.

ಅಗ್ಗದ ಗ್ಯಾರೇಜು ನಿಜಕ್ಕೂ ತಪ್ಪು ಆಯಿಲ್ ಸುರಿದಿದ್ದರೆ? ಸಿವಿಟಿ ಮಾದರಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಮಾಮೂಲಿ ಆಟೋಮ್ಯಾಟಿಕ್ ಗೇರ್ ಆಯಿಲ್ (ಎಟಿಎಫ್) ಹಾಕಿದರೆ ಅದು ಕೆಡುವುದು ಸಹಜ, ಆಗ ಕಂಪನಿಯ ನಿರಾಕರಣೆ ನ್ಯಾಯವೇ. ಆದರೂ ದುಡ್ಡು ಪಡೆದು ಕೆಲಸ ಮಾಡಿದ ಗ್ಯಾರೇಜಿನ ವಿರುದ್ಧ ದೂರು ಕೊಡುವ ಹಕ್ಕು ಉಳಿಯುತ್ತದೆ, ಬಿಲ್ ಇದ್ದರೆ ಸಾಬೀತು ಸುಲಭ.

ವಾರಂಟಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ. ಬಿಚ್ಚಿದ ಫಿಲ್ಟರ್, ಹಳೆಯ ಆಯಿಲ್ ಎಸೆಯಲು ಬಿಡಬೇಡಿ. ಪರೀಕ್ಷೆಯಿಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಆಯೋಗ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, ಶುಲ್ಕ ಮಾತ್ರ ಮೊದಲು ನೀವು ಕಟ್ಟಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಎಷ್ಟೋ ವ್ಯಾಜ್ಯಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರಿರಬಾರದು, 5 ಲಕ್ಷದವರೆಗೆ ದೂರಿಗೆ ಶುಲ್ಕವಿಲ್ಲ. ಕಾರು ಕೊಂಡ ಊರಿಗೇ ಅಲೆಯಬೇಕಿಲ್ಲ, ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೊಟ್ಟೆಪಾಡಿಗೆ ತಾನೇ ಟ್ಯಾಕ್ಸಿ ಓಡಿಸುವವನೂ ಗ್ರಾಹಕನೇ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ‘ನೋಡೋಣ, ಕಂಪನಿಗೆ ಬರೆದಿದ್ದೇವೆ’ ಎಂದು ಶೋರೂಮಿನವರು ದಿನ ದೂಡಿದ ಮಾತ್ರಕ್ಕೆ ಆ ಗಡುವು ಮುಂದೆ ಹೋಗುವುದಿಲ್ಲ.