ಹಾಯಿಗೂ ತೂಕ ಬೇಕು

ಸಮುದ್ರ ನಮ್ಮ ಜಮಖಂಡಿಗೆ ದೂರ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಕುಮಟಾ ಬಂದರಿಗಿಳಿದು ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಇಂದಿನ ಹಡಗುಗಳು ಎಣ್ಣೆ ಸುಟ್ಟು ಓಡುತ್ತವೆ. 2018ರಲ್ಲಿ ಮಾನವಕೃತ ಹಸಿರುಮನೆ ಅನಿಲಗಳಲ್ಲಿ ನೂರಕ್ಕೆ ಸುಮಾರು 3 ಪಾಲು ಅವುಗಳದಾಗಿತ್ತು.

ಆದುದರಿಂದಲೇ ಹಾಯಿ ಮರಳಿ ಬರುತ್ತಿದೆ. 2023ರಲ್ಲಿ ‘ಪಿಕ್ಸಿಸ್ ಓಷನ್’ ಎಂಬ ಸರಕುಹಡಗು 37.5 ಮೀಟರ್ ಎತ್ತರದ ಎರಡು ಗಟ್ಟಿ ಹಾಯಿಗಳೊಡನೆ ಹೊರಟಿತು. ಆರು ತಿಂಗಳಲ್ಲಿ ದಿನಕ್ಕೆ ಸರಾಸರಿ 3 ಟನ್ ಇಂಧನ ಉಳಿಯಿತೆಂದು ಅದನ್ನು ಬಾಡಿಗೆಗೆ ಪಡೆದ ಕಾರ್ಗಿಲ್ ಕಂಪನಿ 2024ರಲ್ಲಿ ಪ್ರಕಟಿಸಿತು.

ಇದನ್ನು ಅಳೆಯುವುದೆಂತು? ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯ ಕಾಟಾವನ್ನು ನೆನೆಯಿರಿ. ಕಬ್ಬಿನ ಗಾಡಿಯನ್ನು ಮೊದಲು ಹೇರಿನೊಡನೆ, ಬಳಿಕ ಬರಿದು ಮಾಡಿ ತೂಗುತ್ತಾರೆ, ಅಂತರವೇ ಕಬ್ಬು. ಅಂತೆಯೇ ಹಾಯಿಯನ್ನು ಎತ್ತಿ ಕೆಲಹೊತ್ತು, ಇಳಿಸಿ ಕೆಲಹೊತ್ತು, ಒಂದೇ ವೇಗದಲ್ಲಿ ಹಡಗು ನಡೆಸಿದರೆ ಇಂಧನದ ಅಂತರವೇ ಗಾಳಿಯ ದುಡಿಮೆ. ಗಾಳಿ, ತೆರೆಗಳು ಬದಲಾಗುವುದರಿಂದ ಈ ಅಳತೆ ಹಲವು ಸಲ ನಡೆಯಬೇಕು.

ಹಾಯಿಗೆ ಹಣ ಹಾಕುವವನು ಹಡಗಿನ ಒಡೆಯ. ಎಣ್ಣೆಯ ಖರ್ಚು ಅನೇಕ ಸಲ ಬಾಡಿಗೆದಾರನದು. ಇಬ್ಬರೂ ನಂಬುವ ತೂಕವಿಲ್ಲದೆ ಹಾಯಿ ಏರದು. ಕಾಟಾ ತಪ್ಪಿದರೆ ಒಬ್ಬ ರೈತನಿಗೆ ನಷ್ಟ. ಈ ಲೆಕ್ಕ ತಪ್ಪಿದರೆ ನಮ್ಮೆಲ್ಲರಿಗೂ ನಷ್ಟ.