ಪಿಕಪ್ ಗಾಡಿಯ ನಾಲ್ಕು ಚಕ್ರಗಳ ಚಾಲನೆಯಲ್ಲಿ ತೋರುವ ವಿದ್ಯುತ್ ದೋಷಗಳು: ಪತ್ತೆಮಾಡುವ ಕ್ರಮ

ಪೀಠಿಕೆ

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ತುಂಗಭದ್ರಾ ನದಿಯ ದಡದಲ್ಲಿರುವ ಗ್ರಾಮ. ಶ್ರೀ ಕರಿಬಸವೇಶ್ವರಸ್ವಾಮಿಯ ಗದ್ದುಗೆಯಿಂದ ಇದರ ಹೆಸರು ದೂರದ ಜನರಿಗೂ ಪರಿಚಿತವಾಗಿದೆ. ಸುತ್ತಣ ರೈತರಿಗಾದರೋ ಇದು ನೀರು, ಕೆಸರು ಮತ್ತು ಭತ್ತದ ಸೀಮೆ. ಮುಂಗಾರಿನ ಭತ್ತ ಕೊಯ್ಲಿಗೆ ಬಂದಾಗ ಹಿಂಗಾರಿನ ಮಳೆಯೂ, ಬೇಸಗೆಯ ಭತ್ತ ಕೊಯ್ಲಿಗೆ ಬಂದಾಗ ಮುಂಗಾರಿಗೆ ಮುಂಚಿನ ಗುಡುಗುಮಳೆಯೂ ಬೀಳುವುದು ಇಲ್ಲಿ ಹೊಸತಲ್ಲ. ಅಂತಹ ದಿನಗಳಲ್ಲಿ ಗದ್ದೆಯ ದಾರಿಯಿಂದ ಡಾಂಬರು ರಸ್ತೆಗೆ ಗಾಡಿ ಏರದೆ ಹೋದರೆ ಮೂಟೆಗಳು ಅಲ್ಲಿಯೇ ನೆನೆಯುತ್ತವೆ. ನೆನೆದ ಭತ್ತ ಮೊಳೆಯುತ್ತದೆ, ಇಲ್ಲವೆ ಬಣ್ಣಗೆಟ್ಟು ಬೆಲೆ ಕಳೆದುಕೊಳ್ಳುತ್ತದೆ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ದೊರೆಯುವ ಪಿಕಪ್ ಗಾಡಿಗೆ ಹೆಚ್ಚು ಹಣ ತೆತ್ತ ಭೂಮಾಲೀಕರು ಇಂತಹ ದಿನಕ್ಕಾಗಿಯೇ ತೆತ್ತಿರುತ್ತಾರೆ. ಆ ದಿನವೇ ಮುಂದಿನ ಚಕ್ರಗಳು ಎಳೆಯದಿದ್ದರೆ ಆಗುವ ನಷ್ಟ ಅಲ್ಪವಲ್ಲ.

ಇಂತಹ ದೋಷ ಕಂಡೊಡನೆ ಬೆಲೆಬಾಳುವ ನಿಯಂತ್ರಣ ಪೆಟ್ಟಿಗೆಯನ್ನೋ ಮೋಟಾರನ್ನೋ ಬದಲಾಯಿಸಲು ಹೊರಡುವವರುಂಟು. ಆದರೆ ಅನೇಕ ವೇಳೆ ದೋಷವಿರುವುದು ತುಕ್ಕು ಹಿಡಿದ ಅರ್ತ್, ಕಿಲುಬುಗಟ್ಟಿದ ಕಪ್ಲರ್, ಸುಟ್ಟ ಫ್ಯೂಸ್, ಸೊರಗಿದ ಬ್ಯಾಟರಿ ಇವುಗಳಲ್ಲಿಯೇ. ಆದುದರಿಂದ ಸುಲಭವಾದುದನ್ನು ಮೊದಲು, ದುಬಾರಿಯಾದುದನ್ನು ಕಡೆಯಲ್ಲಿ ಪರೀಕ್ಷಿಸತಕ್ಕದ್ದು. ಆ ಕ್ರಮವನ್ನು ಇಲ್ಲಿ ವಿವರಿಸಿದೆ.

೧. ವ್ಯವಸ್ಥೆಯ ರಚನೆ

೧೯೪೭ರಿಂದ ಭಾರತದಲ್ಲಿ ಜೋಡಣೆಗೊಂಡ ವಿಲ್ಲೀಸ್ ಜೀಪುಗಳಲ್ಲಿ ಮುಂದಿನ ಚಕ್ರಗಳಿಗೆ ಬಲವನ್ನು ಕೂಡಿಸುವುದಕ್ಕೆ ಚಾಲಕನ ಪಕ್ಕದಲ್ಲಿ ಕೈಗೋಲು ಇದ್ದಿತು. ವಿದ್ಯುತ್ತಿಗೆ ಅಲ್ಲಿ ಕೆಲಸವಿರಲಿಲ್ಲ. ಈಗಲೂ ಕೆಲವು ಗಾಡಿಗಳಲ್ಲಿ ಕೈಗೋಲೇ ಉಂಟು. ೨೦೧೬ರಲ್ಲಿ ಭಾರತದ ಪೇಟೆಗೆ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ೨೦೨೨ರಲ್ಲಿ ಬಂದ ಟೊಯೊಟಾ ಹೈಲಕ್ಸ್ ಮೊದಲಾದ ಗಾಡಿಗಳಲ್ಲಿ ಒಂದು ಗುಂಡಿಯನ್ನು ತಿರುಗಿಸಿದರೆ ಸಾಕು, ಉಳಿದುದನ್ನು ವಿದ್ಯುತ್ತು ನೆರವೇರಿಸುತ್ತದೆ. ಇದರ ಮುಖ್ಯ ಅಂಗಗಳು ಹೀಗಿವೆ.

ಮೊದಲನೆಯದು ಚಾಲಕನ ಮುಂದಿರುವ ಗುಂಡಿ. ಎರಡನೆಯದು ಗುಂಡಿಯ ಸಂಕೇತವನ್ನೂ ಗಾಡಿಯ ವೇಗವನ್ನೂ ಗೇರಿನ ಸ್ಥಿತಿಯನ್ನೂ ನೋಡಿ ಅಪ್ಪಣೆ ಕೊಡುವ ನಿಯಂತ್ರಣ ಪೆಟ್ಟಿಗೆ. ಮೂರನೆಯದು ಗೇರ್‌ಬಾಕ್ಸಿನ ಹಿಂದೆ ಇದ್ದು ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಅದರ ಮೇಲೆ ಕೂಡಿಸಿದ ಸಣ್ಣ ಮೋಟಾರು. ನಾಲ್ಕನೆಯದು ಆ ಮೋಟಾರು ಎಲ್ಲಿಯವರೆಗೆ ತಿರುಗಿತೆಂದು ಪೆಟ್ಟಿಗೆಗೆ ತಿಳಿಸುವ ಸೆನ್ಸರ್. ಐದನೆಯದು ಮುಂದಿನ ಆಕ್ಸಲನ್ನು ಕೂಡಿಸುವ ಸಾಧನ. ಇದು ಕೆಲವು ಗಾಡಿಗಳಲ್ಲಿ ಮೋಟಾರಿನಿಂದಲೂ, ಕೆಲವುಗಳಲ್ಲಿ ವಿದ್ಯುತ್ ಕವಾಟವು ಬಿಡುವ ನಿರ್ವಾತದ ಸೆಳೆತದಿಂದಲೂ ನಡೆಯುತ್ತದೆ. ಕೆಲಸ ಮುಗಿಯಿತೆಂದು ತಿಳಿಸುವ ದೀಪವು ಕಡೆಯದು. ಇವೆಲ್ಲವನ್ನೂ ಬ್ಯಾಟರಿಗೆ ಕೂಡಿಸುವ ತಂತಿ, ಫ್ಯೂಸ್, ರಿಲೇ, ಕಪ್ಲರ್ ಮತ್ತು ಅರ್ತ್ ಬೋಲ್ಟುಗಳೇ ಹೆಚ್ಚಾಗಿ ಕೆಡುವ ಭಾಗಗಳು.

೨. ಕಾಲುವೆಯ ದೃಷ್ಟಾಂತ

ಭದ್ರಾ ಕಾಲುವೆಯ ಕೊನೆಯ ಭಾಗದ ಜಮೀನುಗಳವರಿಗೆ ಈ ವಿಷಯವನ್ನು ತಿಳಿಯುವುದು ಕಷ್ಟವಲ್ಲ. ಜಲಾಶಯದಲ್ಲಿ ನೀರಿದೆ, ಗದ್ದೆಯೂ ಸರಿಯಾಗಿದೆ. ಆದರೂ ನಡುವೆ ಹೂಳು ತುಂಬಿದರೆ ಕೊನೆಯ ಗದ್ದೆ ಒಣಗುತ್ತದೆ. ಬ್ಯಾಟರಿಯೇ ಜಲಾಶಯ, ಮೋಟಾರೇ ಕೊನೆಯ ಗದ್ದೆ, ಕಿಲುಬೇ ಹೂಳು. ಇನ್ನೊಂದು ಮಾತು: ತೂಬನ್ನು ಮುಚ್ಚಿ ನೀರನ್ನು ನಿಲ್ಲಿಸಿದಾಗ ಹೂಳು ತುಂಬಿದ ಕಾಲುವೆಯಲ್ಲಿಯೂ ನೀರಿನ ಮಟ್ಟ ನಿಧಾನವಾಗಿ ಪೂರ್ತಿ ಏರುತ್ತದೆ. ತೂಬನ್ನು ತೆರೆದು ಹರಿಸಿದಾಗಲೇ ಕೊರತೆ ಹೊರಬೀಳುವುದು. ಹಾಗೆಯೇ ಒಂದೇ ಎಳೆ ಉಳಿದ ತಂತಿಯಲ್ಲಿಯೂ ಮೀಟರು ೧೨ ವೋಲ್ಟ್ ತೋರಿಸಬಲ್ಲದು. ಮೋಟಾರು ತಿರುಗಲು ಯತ್ನಿಸಿದಾಗ ಅದು ಕುಸಿದುಬೀಳುತ್ತದೆ. ಆದುದರಿಂದ ಭಾರ ಹೊರಿಸಿ ಮಾಡದ ಪರೀಕ್ಷೆಯನ್ನು ನಂಬಕೂಡದು.

೩. ದೋಷವಲ್ಲದ ಸಂಗತಿಗಳು

ಮೀಟರನ್ನು ಕೈಗೆತ್ತಿಕೊಳ್ಳುವ ಮುನ್ನ ಗಾಡಿಯ ಕೈಪಿಡಿಯನ್ನು ಓದತಕ್ಕದ್ದು. ಹೆಚ್ಚಿನ ವೇಗದಲ್ಲಿ ಕೂಡಿಸಲು ಯತ್ನಿಸಿದರೆ ಪೆಟ್ಟಿಗೆಯು ಒಪ್ಪುವುದಿಲ್ಲ. ನಿಧಾನದ ಶ್ರೇಣಿಗೆ, ಅಂದರೆ ಲೋ ಗೇರಿಗೆ, ಗಾಡಿಯನ್ನು ನಿಲ್ಲಿಸಿ ಕೈಪಿಡಿ ಹೇಳುವಂತೆ ಗೇರನ್ನು ನ್ಯೂಟ್ರಲಿಗೆ ತರಬೇಕು ಅಥವಾ ಕ್ಲಚ್ಚನ್ನು ಒತ್ತಿರಬೇಕು. ದೀಪವು ಸ್ವಲ್ಪ ಹೊತ್ತು ಮಿನುಗಿ ಸ್ಥಿರವಾಗುವುದು ಸಹಜ. ಹಲ್ಲಿಗೆ ಹಲ್ಲು ಕೂಡಲು ಕೆಲವು ಗಜ ದೂರ ನೇರವಾಗಿ ಚಲಿಸಬೇಕಾಗುವುದುಂಟು. ನಾಲ್ಕು ಟೈರುಗಳ ಅಳತೆ ಅಥವಾ ಸವೆತ ಬೇರೆಬೇರೆಯಾಗಿದ್ದರೆ ಒಳಗೆ ಬಿಗಿತ ಹುಟ್ಟಿ ನಾಲ್ಕು ಚಕ್ರಗಳ ಚಾಲನೆ ಬಿಡದೆ ಹೋಗಬಹುದು. ಆಗ ಗಾಡಿಯನ್ನು ನೇರವಾಗಿ ಕೆಲವು ಗಜ ಹಿಂದಕ್ಕೆ ಓಡಿಸಿದರೆ ಬಿಗಿತ ಸಡಿಲುವುದು. ಇದು ವಿದ್ಯುತ್ತಿನ ದೋಷವಲ್ಲ.

೪. ಲಕ್ಷಣದಿಂದ ಸ್ಥಾನವನ್ನು ಊಹಿಸುವುದು

(ಅ) ಗುಂಡಿ ತಿರುಗಿಸಿದರೆ ದೀಪವೂ ಇಲ್ಲ, ಸದ್ದೂ ಇಲ್ಲ: ಫ್ಯೂಸ್, ಗುಂಡಿ, ಪೆಟ್ಟಿಗೆಗೆ ಬರುವ ವಿದ್ಯುತ್ತು ಅಥವಾ ಅದರ ಅರ್ತ್ ಇವುಗಳನ್ನು ಸಂದೇಹಿಸಬೇಕು.

(ಆ) ರಿಲೇಯ ಟಕ್ ಎಂಬ ಸದ್ದು ಕೇಳುತ್ತದೆ, ಮೋಟಾರು ಮಾತ್ರ ತಿರುಗುವುದಿಲ್ಲ: ಮೋಟಾರಿನ ತಂತಿ, ಕಪ್ಲರ್ ಅಥವಾ ಸೊರಗಿದ ಬ್ಯಾಟರಿ ಕಾರಣವಿರಬಹುದು, ಇವು ಸರಿಯಿದ್ದರೆ ಮೋಟಾರು.

(ಇ) ಮೋಟಾರು ತಿರುಗಿದ ಸದ್ದಿದೆ, ದೀಪವು ಬಹಳ ಹೊತ್ತು ಮಿನುಗುತ್ತಲೇ ಇದೆ: ಸ್ಥಾನ ತಿಳಿಸುವ ಸೆನ್ಸರ್, ಅದರ ತಂತಿ, ಇಲ್ಲವೆ ಒಳಗಿನ ಯಂತ್ರಭಾಗದ ತೊಡಕು.

(ಈ) ದೀಪ ಸ್ಥಿರವಾಗಿ ಉರಿಯುತ್ತದೆ, ಮುಂದಿನ ಚಕ್ರಗಳು ಎಳೆಯುವುದಿಲ್ಲ: ಮುಂದಿನ ಆಕ್ಸಲನ್ನು ಕೂಡಿಸುವ ಸಾಧನ. ನಿರ್ವಾತದಿಂದ ನಡೆಯುವುದಾದರೆ ಸಣ್ಣ ರಬ್ಬರು ಕೊಳವೆ ಬಿರಿದಿದೆಯೇ ಎಂದು ನೋಡಬೇಕು.

(ಉ) ಮೇಲಿನ ಶ್ರೇಣಿಯಲ್ಲಿ ನಾಲ್ಕು ಚಕ್ರಗಳೂ ಎಳೆಯುತ್ತವೆ, ಲೋ ಮಾತ್ರ ಕೂಡುವುದಿಲ್ಲ: ಮೋಟಾರಿಗಿಂತ ಮೊದಲು ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚನ್ನೂ ವೇಗದ ಸೆನ್ಸರನ್ನೂ ನೋಡಬೇಕು.

೫. ಪರೀಕ್ಷೆಯ ಕ್ರಮ

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಒಂದು ಮಲ್ಟಿಮೀಟರು, ೧೨ ವೋಲ್ಟಿನ ೨೧ ವಾಟ್ ಬಲ್ಬಿಗೆ ಎರಡು ತಂತಿ ಕೂಡಿಸಿದ ಪರೀಕ್ಷಾದೀಪ ಮತ್ತು ಒಬ್ಬ ಸಹಾಯಕ ಇದ್ದರೆ ಸಾಕು.

ಮೊದಲನೆಯದಾಗಿ ಬ್ಯಾಟರಿ. ವಿಶ್ರಾಂತಿಯಲ್ಲಿದ್ದಾಗ ಪೂರ್ಣ ತುಂಬಿದ ಬ್ಯಾಟರಿ ಸುಮಾರು ೧೨.೬ ವೋಲ್ಟ್ ತೋರಿಸುವುದು, ೧೨.೨ಕ್ಕೆ ಇಳಿದರೆ ಅದು ಅರ್ಧ ಬರಿದಾದಂತೆಯೇ. ಎಂಜಿನ್ ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೫ರವರೆಗೆ ಇರಬೇಕು. ಟರ್ಮಿನಲ್ಲುಗಳು ಬಿಳಿ ಹಸಿರು ಪುಡಿಗಟ್ಟಿದ್ದರೆ ಋಣ ತಂತಿಯನ್ನು ಮೊದಲು ಬಿಚ್ಚಿ, ಬಿಸಿನೀರಿನಿಂದ ತೊಳೆದು, ಒಣಗಿಸಿ ಬಿಗಿಯತಕ್ಕದ್ದು.

ಎರಡನೆಯದಾಗಿ ಫ್ಯೂಸ್. ಕಣ್ಣಿಗೆ ಸರಿಯಾಗಿ ಕಂಡರೂ ಅದರ ಎರಡು ತುದಿಗಳಲ್ಲಿಯೂ ವಿದ್ಯುತ್ತು ಇದೆಯೇ ಎಂದು ಪರೀಕ್ಷಿಸಬೇಕು. ಸುಟ್ಟಿದ್ದರೆ ಅದೇ ಆಂಪಿಯರಿನದನ್ನು ಹಾಕಬೇಕೇ ಹೊರತು ತಂತಿಯ ಎಳೆಯನ್ನಾಗಲಿ ಸಿಗರೇಟಿನ ತಗಡುಕಾಗದವನ್ನಾಗಲಿ ಹಾಕುವುದು ಬೆಂಕಿಗೆ ದಾರಿ. ಹೊಸದೂ ಸುಟ್ಟರೆ ತಂತಿಯು ಚಾಸಿಗೆ ಉಜ್ಜಿ ಸಿಪ್ಪೆ ಹರಿದಿರುವ ಸ್ಥಳವನ್ನು ಹುಡುಕಬೇಕು.

ಮೂರನೆಯದಾಗಿ ರಿಲೇ. ಅದರ ಮೇಲಿನ ಸಂಖ್ಯೆಯನ್ನೇ ಹೊಂದಿರುವ ಇನ್ನೊಂದು ರಿಲೇ ಗಾಡಿಯಲ್ಲಿದ್ದರೆ ಅದಲು ಬದಲು ಮಾಡಿ ನೋಡಬಹುದು. ಸಂಖ್ಯೆ ಬೇರೆಯಾಗಿದ್ದರೆ ಹಾಗೆ ಮಾಡಕೂಡದು.

ನಾಲ್ಕನೆಯದಾಗಿ ಅರ್ತ್. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಪೆಟ್ಟಿಗೆಯ ಅರ್ತ್ ತಂತಿಗೂ ಹಿಡಿದು, ಸಹಾಯಕನಿಂದ ಗುಂಡಿಯನ್ನು ತಿರುಗಿಸಬೇಕು. ಮೋಟಾರಿಗೆ ವಿದ್ಯುತ್ತು ಹರಿಯುವ ಆ ಕೆಲವು ಕ್ಷಣಗಳಲ್ಲಿ ಮೀಟರು ೦.೨ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಹೆಚ್ಚಾದರೆ ಬೋಲ್ಟನ್ನು ಬಿಚ್ಚಿ, ಚಾಸಿಯ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಧನದ ಕಡೆಯೂ ಇದೇ ರೀತಿ ಬ್ಯಾಟರಿಯ ಕಂಬದಿಂದ ಪೆಟ್ಟಿಗೆಯ ತಂತಿಯವರೆಗೆ ಅಳೆಯಬೇಕು.

ಐದನೆಯದಾಗಿ ಕಪ್ಲರುಗಳು. ಋಣ ತಂತಿಯನ್ನು ಬಿಚ್ಚಿದ ಮೇಲೆ ಇವನ್ನು ಎಳೆದು, ನೀರು, ಕೆಸರು, ಹಸಿರು ಕಿಲುಬು, ಬಾಗಿದ ಕಡ್ಡಿ ಇವೆಯೇ ಎಂದು ನೋಡಬೇಕು. ವಿದ್ಯುತ್ ಕೂಡಿಕೆಗಳಿಗೆಂದೇ ಮಾರುವ ಸ್ಪ್ರೇಯಿಂದ ತೊಳೆದು ಒಣಗಿಸುವುದು ಲೇಸು. ಉಜ್ಜುಕಾಗದದಿಂದ ತಿಕ್ಕಿದರೆ ಕಡ್ಡಿಯ ಮೇಲಿನ ಲೇಪ ಹೋಗುತ್ತದೆ.

ಇವೆಲ್ಲವೂ ಸರಿಯಾಗಿದ್ದರೆ ಮಾತ್ರ ಗುಂಡಿ, ಸೆನ್ಸರ್, ಮೋಟಾರು ಇವುಗಳನ್ನೂ ಕಟ್ಟಕಡೆಗೆ ನಿಯಂತ್ರಣ ಪೆಟ್ಟಿಗೆಯನ್ನೂ ಸಂದೇಹಿಸತಕ್ಕದ್ದು. ಗ್ಯಾರೇಜಿನ ಸ್ಕ್ಯಾನರ್ ತೋರಿಸುವ ಕೋಡ್ ಉಪಯುಕ್ತವೇ ಸರಿ. ಆದರೆ ಮೋಟಾರಿನ ಮಾರ್ಗದಲ್ಲಿ ದೋಷವಿದೆಯೆಂದು ಅದು ಹೇಳಿದರೆ ಮೋಟಾರೇ ಕೆಟ್ಟಿತೆಂದು ಅರ್ಥವಲ್ಲ. ಆ ಮಾರ್ಗದಲ್ಲಿ ತಂತಿಯೂ ಕಪ್ಲರೂ ಸೇರಿವೆ.

ಎಚ್ಚರಿಕೆ: ಪರೀಕ್ಷಾದೀಪವನ್ನು ಫ್ಯೂಸ್ ಮತ್ತು ದಪ್ಪ ತಂತಿಗಳಲ್ಲಿ ಮಾತ್ರ ಉಪಯೋಗಿಸಬೇಕು. ಸೆನ್ಸರಿನ ಸಣ್ಣ ತಂತಿಗಳಿಗೆ ಅದನ್ನು ತಗುಲಿಸಿದರೆ ಪೆಟ್ಟಿಗೆಯೇ ಹಾಳಾಗಬಹುದು. ಅಲ್ಲಿ ಮೀಟರೇ ಸರಿ.

೬. ಒಂದು ಲೆಕ್ಕ

ಉದಾಹರಣೆಗೆ, ಗುಂಡಿ ತಿರುಗಿಸಿದಾಗ ಬ್ಯಾಟರಿಯ ಕಂಬಗಳ ನಡುವೆ ೧೨.೪ ವೋಲ್ಟ್ ಇದೆಯೆಂದುಕೊಳ್ಳೋಣ. ಧನದ ಕಡೆಯ ತಂತಿಯಲ್ಲಿ ೦.೩, ಅರ್ತಿನ ಕಡೆ ೩.೭ ವೋಲ್ಟ್ ಕಳೆದುಹೋದರೆ ಪೆಟ್ಟಿಗೆಗೂ ಮೋಟಾರಿಗೂ ಉಳಿಯುವುದು ೮.೪ ಮಾತ್ರ. ಇಷ್ಟರಲ್ಲಿ ಮೋಟಾರು ನರಳಿ ನಿಲ್ಲುವುದು, ದೀಪ ಮಿನುಗುವುದು. ನೋಡುವವರಿಗೆ ಮೋಟಾರೇ ಸತ್ತಂತೆ ಕಾಣುವುದು. ಹೊಸ ಮೋಟಾರು ಹಾಕಿದರೂ ಅದಕ್ಕೆ ದೊರೆಯುವುದು ಅದೇ ೮.೪. ಇಲ್ಲಿ ಬೇಕಾದುದು ಹೊಸ ಮೋಟಾರಲ್ಲ, ಒಂದು ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿಯುವ ಅರ್ಧ ಗಂಟೆಯ ಕೆಲಸ.

೭. ಕಾರಣಗಳೂ ಮುನ್ನೆಚ್ಚರಿಕೆಗಳೂ

ಬಿಸಿಯಾದ ಟ್ರಾನ್ಸ್‌ಫರ್ ಕೇಸ್ ತಟ್ಟನೆ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲುಗಳ ಮೂಲಕ ನೀರನ್ನು ಒಳಗೆಳೆಯುತ್ತದೆ. ರಭಸದ ನೀರಿನ ಪೈಪನ್ನು ಕಪ್ಲರುಗಳಿಗೇ ಹಿಡಿದು ತೊಳೆಯುವುದರಿಂದಲೂ ಇದೇ ಹಾನಿ. ಯೂರಿಯ, ಅಮೋನಿಯಂ ಸಲ್ಫೇಟ್ ಮುಂತಾದ ಗೊಬ್ಬರ ತೊಟ್ಟಿಯಲ್ಲಿ ಚೆಲ್ಲಿ ನೀರಿನೊಡನೆ ಕೆಳಗಿಳಿದರೆ ತಾಮ್ರ ಮತ್ತು ಕಬ್ಬಿಣವನ್ನು ತಿನ್ನುತ್ತದೆ. ಗೊಬ್ಬರ ಸಾಗಿಸಿದ ದಿನವೇ ತೊಟ್ಟಿಯನ್ನು ಮೊದಲು ಗುಡಿಸಿ, ಬಳಿಕ ತೊಳೆಯತಕ್ಕದ್ದು. ಹುಲ್ಲಿನ ಬಣವೆಯ ಬಳಿ ಗಾಡಿ ನಿಲ್ಲಿಸಿದರೆ ಇಲಿಗಳು ತಂತಿ ಕಡಿಯುತ್ತವೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ನಾಲ್ಕು ಚಕ್ರಗಳನ್ನೂ ಕೂಡಿಸಿ ಓಡಿಸುವುದರಿಂದ ಮೋಟಾರು ಬಿಗಿಯುವುದಿಲ್ಲ. ದೋಷವಿದ್ದರೆ ಕೊಯ್ಲಿಗೆ ಮುಂಚೆಯೇ ಗೊತ್ತಾಗುತ್ತದೆ. ಒಣಗಿದ ಡಾಂಬರು ರಸ್ತೆಯಲ್ಲಿ ಮಾತ್ರ ಈ ಬಗೆಯ ಗಾಡಿಗಳನ್ನು ನಾಲ್ಕು ಚಕ್ರಗಳ ಚಾಲನೆಯಲ್ಲಿ ಓಡಿಸಬಾರದು.

೮. ನೆರೆಯ ಕಾಲದಲ್ಲಿ

ತುಂಗಭದ್ರೆ ಉಕ್ಕಿದಾಗ ಉಕ್ಕಡಗಾತ್ರಿ ಮತ್ತು ಪತ್ಯಾಪುರಗಳ ನಡುವಣ ರಸ್ತೆ ಮುಳುಗಿ ಸಂಚಾರ ನಿಲ್ಲುವುದುಂಟು. ಗಾಡಿಗೆ ನಾಲ್ಕು ಚಕ್ರಗಳ ಬಲವಿದೆಯೆಂಬ ಧೈರ್ಯದಿಂದ ಅಂತಹ ನೀರಿಗೆ ಇಳಿಯುವುದು ಸಲ್ಲದು. ಈ ವ್ಯವಸ್ಥೆ ಇರುವುದು ಕೆಸರಿಗಾಗಿ, ಹೊಳೆಗಾಗಿ ಅಲ್ಲ. ಹರಿಯುವ ನೀರು ಎರಡು ಅಡಿ ಆಳವಿದ್ದರೆ ಪಿಕಪ್ ಗಾಡಿಯನ್ನೂ ಕೊಚ್ಚಿಕೊಂಡು ಹೋಗಬಲ್ಲದು. ತೇಲಿದ ಚಕ್ರ ನಾಲ್ಕಿದ್ದರೇನು, ಎಂಟಿದ್ದರೇನು? ಮೂಟೆ ಮತ್ತೆ ಬೆಳೆದೀತು, ಚಾಲಕನ ಪ್ರಾಣ ಮರಳಿ ಬಾರದು. ಇಂತಹ ಸಮಯದಲ್ಲಿ ಚಾಲಕನಿಗೆ ಹೋಗೆಂದು ಒತ್ತಾಯಿಸದಿರುವುದು ಮಾಲೀಕರ ಹೊಣೆ. ದಾರಿಗೆ ಅಡ್ಡಗಟ್ಟಿ ಕಾವಲಿಡುವುದು ಗ್ರಾಮದ ಮುಖಂಡರು ಮುಂದೆ ನಿಂತು ಮಾಡಿಸಬೇಕಾದ ಕೆಲಸ.

೯. ಮಾಡತಕ್ಕ ಕಾರ್ಯ

ಗ್ರಾಮದ ಸಹಕಾರ ಸಂಘದಲ್ಲಿ ಒಂದು ಮೀಟರನ್ನೂ ಪರೀಕ್ಷಾದೀಪವನ್ನೂ ಇರಿಸಿ, ಆಸಕ್ತಿಯುಳ್ಳ ಇಬ್ಬರು ಯುವಕರಿಗೆ ಮೇಲಿನ ಕ್ರಮವನ್ನು ಅಭ್ಯಾಸ ಮಾಡಿಸುವುದು ಹೆಚ್ಚಿನ ವೆಚ್ಚದ ಮಾತಲ್ಲ. ಪ್ರತಿಯೊಬ್ಬ ಮಾಲೀಕರೂ ಗಾಡಿಯಲ್ಲಿ ಒಂದು ಪುಸ್ತಕವಿಟ್ಟು, ದೋಷ ಕಂಡ ದಿನಾಂಕ, ಲಕ್ಷಣ, ಅಳೆದ ವೋಲ್ಟ್, ಮಾಡಿದ ಕೆಲಸ ಇವುಗಳನ್ನು ಬರೆಯಿಸತಕ್ಕದ್ದು. ಗ್ಯಾರೇಜಿಗೆ ಹೋಗಲೇಬೇಕಾದಾಗ ಈ ಪುಸ್ತಕವನ್ನು ಮೆಕ್ಯಾನಿಕರ ಮುಂದಿಟ್ಟರೆ ಅವರ ಶ್ರಮವೂ ಮಾಲೀಕರ ಹಣವೂ ಉಳಿಯುವುದು. ಪೆಟ್ಟಿಗೆಯನ್ನು ಬದಲಾಯಿಸಬೇಕೆಂದು ಯಾರಾದರೂ ಹೇಳಿದಲ್ಲಿ, ಬ್ಯಾಟರಿ, ಫ್ಯೂಸ್, ಅರ್ತ್ ಮತ್ತು ಕಪ್ಲರುಗಳನ್ನು ಭಾರ ಹೊರಿಸಿ ಅಳೆದಾಯಿತೇ ಎಂದು ಮಾಲೀಕರು ಮೊದಲು ವಿಚಾರಿಸಲಿ.